ಗುರುವಾರದ ಒಂದು ಡಿಗ್ರಿ

ಕೋಲು ಕೂಡಿಸುವ ಕೆಲಸದಲ್ಲಿ ನನ್ನ ಮಾವನವರು ಹೇಳಿಕೊಟ್ಟ ಮೊದಲ ಪಾಠ ಇದು: ಸರಿಯಾಗಿ ಕೂಡಿಸಿದ ಕೋಲು ಹಿಡಿದವನು ಮತ್ತೆ ನಮ್ಮ ಬಾಗಿಲಿಗೆ ಬರಬಾರದು. ಬಂದನೆಂದರೆ ನಮ್ಮ ಕೆಲಸ ಕೆಟ್ಟಿದೆ ಎಂದು ಅರ್ಥ. ಆ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅದರ ಫಲವಾಗಿ ನನ್ನ ಅಂಗಡಿಗೆ ಹೆಚ್ಚು ಜನ ಬರುವುದಿಲ್ಲ.

ಕೋಲು ಎಂದರೆ ಗಾಲ್ಫ್ ಆಡುವ ಕೋಲು. ಊರಂಚಿನ ಅಭ್ಯಾಸದ ಮೈದಾನದ ಹಿಂಬದಿಯಲ್ಲಿ, ಚೆಂಡು ತೊಳೆಯುವ ಶೆಡ್ಡಿಗೆ ಅಂಟಿಕೊಂಡು ನನ್ನ ಕೋಣೆ ಇದೆ. ಕೋಲು ಬಿಗಿಹಿಡಿಯುವ ಒಂದು ವೈಸು, ಕೋಲಿನ ತಲೆಯೂ ದಂಡವೂ ಸೇರುವ ಕತ್ತನ್ನು ಬಗ್ಗಿಸುವ ಯಂತ್ರ, ಆ ದಂಡ, ಅಂದರೆ ಶಾಫ್ಟು, ಕತ್ತರಿಸುವ ಗರಗಸ, ಒಂದು ತಕ್ಕಡಿ, ಎಷ್ಟು ಕಿಟಕಿ ತೆಗೆದರೂ ಹೋಗದ ಅಂಟಿನ ವಾಸನೆ. ಗೋಡೆಯಾಚೆ ಜನ ಚೆಂಡು ಹೊಡೆಯುವ ಸದ್ದು ಇಡೀ ದಿನ ಕೇಳುತ್ತದೆ, ಮುಖಗಳು ಮಾತ್ರ ಕಾಣುವುದಿಲ್ಲ. ಸದ್ದಿನಲ್ಲೇ ಯಾರ ಏಟು ಚೆಂಡಿಗೆ ಬಿತ್ತು, ಯಾರದು ನೆಲಕ್ಕೆ ಬಿತ್ತು ಎಂದು ನಾನು ಹೇಳಬಲ್ಲೆ. ಹೇಳಿದರೆ ಕೇಳುವವರು ಬೇಕಲ್ಲ.

ಮಾವ ತೀರಿಕೊಂಡಿದ್ದಾರೆ. ಅವರ ಮಗ, ಅಂದರೆ ನನ್ನ ಗಂಡ, ಅದಕ್ಕೂ ಮುಂಚೆಯೇ ಇನ್ನೊಬ್ಬಳ ಜೊತೆ ಇನ್ನೊಂದು ಊರು ಸೇರಿದ್ದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಾದಿನಿ ನನ್ನ ಮುಖಕ್ಕೇ ಹೇಳಿ ಹೋದಳು. ಇರಬಹುದು. ನನ್ನ ನಾಲಿಗೆ ಹರಿತ, ಒಪ್ಪುತ್ತೇನೆ. ಆದರೆ ಮಾವ ಮಗನ ಹಿಂದೆ ಹೋಗದೆ ನನ್ನ ಜೊತೆಯೇ ಉಳಿದರು. ನನ್ನ ಬಾಯಿ ಅವರಿಗೆ ಅಭ್ಯಾಸವಾಗಿತ್ತು. ಅವರಿದ್ದಾಗ ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಜಗಳವಾಡುತ್ತ ಕೆಲಸ ಮಾಡುತ್ತಿದ್ದೆವು. ಈಗ ವೈಸಿಗೆ ಬಯ್ಯುತ್ತೇನೆ, ಅದು ತಿರುಗಿ ಬಯ್ಯುವುದಿಲ್ಲ.

ಹಲ್ಲಿನ ಡಾಕ್ಟರು ಮೊದಲ ಸಲ ಬಂದದ್ದು ಒಂದು ಗುರುವಾರ ಮಧ್ಯಾಹ್ನ, ನಾನು ಬೆಂಚಿನ ಮುಂದೆ ನಿಂತುಕೊಂಡೇ ಡಬ್ಬಿಯ ಊಟ ಮಾಡುತ್ತಿದ್ದಾಗ. ಎತ್ತರದ ಆಳು, ಬೆನ್ನು ಮಾತ್ರ ಬಾಗಿತ್ತು. ಆಯಸ್ಸೆಲ್ಲ ಬೇರೆಯವರ ಬಾಯೊಳಗೆ ಬಗ್ಗಿ ನೋಡಿದರೆ ಇನ್ನೇನಾಗುತ್ತದೆ. ಕೆಲಸ ಬಿಟ್ಟು ಕೆಲವು ವರ್ಷವಾಯಿತು, ಈಗ ಗಾಲ್ಫ್ ಒಂದೇ ಎಂದರು. ಕೈಯಲ್ಲಿ ಒಂದು ವೆಡ್ಜ್ ಇತ್ತು. ಹತ್ತಿರದ ಹೊಡೆತಕ್ಕೆ, ಮರಳುಗುಂಡಿಯಿಂದ ಚೆಂಡು ಎತ್ತುವುದಕ್ಕೆ ಬಳಸುವ ಗಿಡ್ಡ ಕೋಲು ಅದು. ಅದರ ಮೇಲೆ ಕೊರೆದ ಐವತ್ತಾರು, ಎಂಟು ಎಂಬ ಅಂಕಿಗಳನ್ನು ತೋರಿಸಿ, ಇಷ್ಟು ದಿನ ಆಡಿದರೂ ಇದೇನೆಂದು ತಿಳಿದುಕೊಂಡಿಲ್ಲ, ಹೇಳುತ್ತೀರಾ ಎಂದು ಕೇಳಿದರು.

ಊಟದ ನಡುವೆ ಪಾಠ ಕೇಳಲು ಬಂದರೆ ನನಗೆ ಮೈ ಉರಿಯುತ್ತದೆ. ಆದರೂ ಹೇಳಿದೆ. ಐವತ್ತಾರು ಎಂದರೆ ಲಾಫ್ಟು. ಕೋಲಿನ ಮುಖ ಎಷ್ಟು ಡಿಗ್ರಿ ಹಿಂದಕ್ಕೆ ಒರಗಿದೆ ಎಂಬ ಲೆಕ್ಕ ಅದು. ಹೆಚ್ಚು ಒರಗಿದಷ್ಟೂ ಚೆಂಡು ಮೇಲಕ್ಕೆ ಏಳುತ್ತದೆ, ದೂರ ಕಡಿಮೆ ಹೋಗುತ್ತದೆ. ಎಂಟು ಎಂದರೆ ಬೌನ್ಸು. ಕೋಲನ್ನು ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿದರೆ ಅಡಿಯ ಮುಂದಿನ ಅಂಚಿಗಿಂತ ಹಿಂದಿನ ಹೊಟ್ಟೆ ಸ್ವಲ್ಪ ಕೆಳಗೆ ಜೋತಿರುತ್ತದೆ. ಆ ಹೊಟ್ಟೆ ದೊಡ್ಡದಿದ್ದರೆ ಕೋಲು ಮರಳಿನ ಮೇಲೆ ಜಾರುತ್ತದೆ, ಇಲ್ಲದಿದ್ದರೆ ಗುದ್ದಲಿಯ ಹಾಗೆ ಒಳಗಿಳಿಯುತ್ತದೆ. ಅವರ ಚೀಲದಲ್ಲಿ ಇದರ ಹಿಂದಿನ ಕೋಲು ಯಾವುದು ಎಂದು ಕೇಳಿದೆ. ನಲವತ್ತಾರು ಡಿಗ್ರಿಯದು ಎಂದರು. ನಡುವೆ ಒಂದು ಹಲ್ಲು ಬಿದ್ದಿದೆ ನಿಮಗೆ, ಐವತ್ತೊಂದರದು ಇರಬೇಕಿತ್ತು ಎಂದೆ. ಅವರು ಬಾಯಿ ತುಂಬ ನಕ್ಕರು. ಅವರ ಹಲ್ಲೆಲ್ಲ ಸರಿಯಾಗಿದ್ದವು.

ಹೊರಗೆ ಚೆಂಡು ಹೊಡೆಯುವ ಚಾಪೆಯ ಮೇಲೆ ನಿಲ್ಲಿಸಿ ನಾಲ್ಕು ಏಟು ಹೊಡೆಸಿ ನೋಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಆ ಜಾತಿ. ಇವರದು ಹಾಗಲ್ಲ. ಇವರ ನೆಲ ನಿಜವಾಗಿಯೂ ಡೊಂಕಾಗಿತ್ತು. ಕೈ ಮೇಲಿನಿಂದ ನೇರವಾಗಿ ಕೆಳಗೆ ಇಳಿಯುತ್ತಿತ್ತು, ಆಡುವ ಮೈದಾನದ ಮರಳು ಮೆತ್ತಗಿನದು, ಕೋಲಿಗೋ ಹೊಟ್ಟೆಯೇ ಇಲ್ಲ. ಈ ಕೋಲು ನಿಮ್ಮದಲ್ಲ, ಹದಿನಾಲ್ಕು ಬೌನ್ಸಿನ, ಅಡಿ ಅಗಲವಾಗಿರುವ ಬೇರೆಯದು ಕೂಡಿಸಿಕೊಡುತ್ತೇನೆ ಎಂದು ಅಂದೇ, ಆಗಲೇ ಹೇಳಿದೆ.

"ಮೊದ್ಲು ಇದನ್ನೇ ಸ್ವಲ್ಪ ಸರಿಮಾಡಿ ನೋಡೋಣಮ್ಮ," ಎಂದರು. "ಹಲ್ಲು ಕೀಳೋದು ಕೊನೇ ಉಪಾಯ."

ಹೇಳುವುದು ನನ್ನ ಧರ್ಮ, ಹೇಳಿದ್ದಾಯಿತು. ಯಂತ್ರಕ್ಕೆ ಕೋಲು ಸಿಕ್ಕಿಸಿ, ಕತ್ತಿಗೆ ಸಲಾಕೆ ಹಾಕಿ ಒಂದು ಡಿಗ್ರಿ ಹಿಂದಕ್ಕೆ ಬಗ್ಗಿಸಿದೆ. ಮುಖ ಹಿಂದಕ್ಕೆ ಒರಗಿದರೆ ಹೊಟ್ಟೆಯೂ ಅಷ್ಟೇ ಕೆಳಗಿಳಿಯುತ್ತದೆ, ಎಂಟು ಒಂಬತ್ತಾಗುತ್ತದೆ. ದೊಡ್ಡ ಗುಣವೇನೂ ಕಾಣುವುದಿಲ್ಲ ಎಂದು ಎಚ್ಚರಿಸಿಯೇ ಕಳಿಸಿದೆ.

ಮುಂದಿನ ಗುರುವಾರ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಚೆಂಡು ತೀರ ಮೇಲಕ್ಕೆ ಹೋಗುತ್ತಿದೆಯಂತೆ, ಅರ್ಧ ಡಿಗ್ರಿ ವಾಪಸು ತಂದುಕೊಡಬೇಕಂತೆ. ತಂದುಕೊಟ್ಟೆ. ಅದರ ಮುಂದಿನ ಗುರುವಾರ ಚೆಂಡು ಬಲಕ್ಕೆ ಎಳೆಯುತ್ತಿದೆ ಎಂದರು. ಅದು ಲೈ ಕೋನದ ತೊಂದರೆ, ಅಂದರೆ ಶಾಫ್ಟು ನೆಲಕ್ಕೆ ಎಷ್ಟು ನೆಟ್ಟಗೆ ನಿಂತಿದೆ ಎನ್ನುವುದು. ಚೆಂಡಿನ ಬೆನ್ನಿಗೆ ಶಾಯಿಯಲ್ಲಿ ನೇರ ಗೆರೆ ಎಳೆದು ಹೊಡೆಸಿದರೆ ಗೆರೆ ಕೋಲಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ನೆಟ್ಟಗೆ ಅಂಟಿದರೆ ಸರಿ, ವಾಲಿ ಅಂಟಿದರೆ ಬಗ್ಗಿಸಬೇಕು. ಅವರ ಗೆರೆ ಕೂದಲೆಳೆಯಷ್ಟು ವಾಲಿತ್ತು. ಬಗ್ಗಿಸಿದೆ.

ಹೀಗೆ ಶುರುವಾಯಿತು. ಬರುವಾಗ ಚೆಂಡಿನ ಬಕೆಟ್ಟೊಂದನ್ನು ತಾವೇ ಬೋರಲು ಹಾಕಿಕೊಂಡು ಕೂರುತ್ತಿದ್ದರು. ನಾನು ಬಯ್ಯುತ್ತ ಕೆಲಸ ಮಾಡುತ್ತಿದ್ದೆ, ಅವರು ಮಾತಾಡುತ್ತಿದ್ದರು. ಮೊದಲು ನಾಲ್ವರು ಸೇರಿ ಆಡುತ್ತಿದ್ದರಂತೆ. ಒಬ್ಬರು ಸತ್ತರು, ಒಬ್ಬರ ಮಂಡಿ ಸತ್ತಿತು, ಇನ್ನೊಬ್ಬರು ಸಾಯದೆ ಹೆಂಡತಿಯ ತವರೂರಿಗೆ ಹೋದರು ಎಂದು ಅವರೇ ನಗುತ್ತ ಹೇಳಿದರು. ಈಗ ಒಬ್ಬರೇ ಹೊಡೆದು, ಒಬ್ಬರೇ ನಡೆದು, ಒಬ್ಬರೇ ಎಣಿಸಿಕೊಳ್ಳುತ್ತಾರೆ. ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಇದ್ದರು, ಅಕ್ಕ ಹೋಗಿ ಎರಡು ವರ್ಷ. ಒಂದು ದಿನ ಅವರು ಕೋಲಿನ ಒದ್ದೆ ಹಿಡಿಯನ್ನು, ಅದರ ಗ್ರಿಪ್ಪನ್ನು, ಒರೆಸದೆ ಚೀಲಕ್ಕೆ ತುರುಕುತ್ತಿದ್ದುದನ್ನು ನೋಡಿ ನಾನು ರೇಗಿ ಚೆನ್ನಾಗಿ ಝಾಡಿಸಿದೆ. ಸುಮ್ಮನೆ ಕೇಳಿಸಿಕೊಂಡು, "ಅಕ್ಕ ಹೋದ್ಮೇಲೆ ನನ್ನ ಬಯ್ಯೋರೇ ಇರ್ಲಿಲ್ಲ," ಎಂದರು. ಬಯ್ಗುಳಕ್ಕೆ ಹಾಗೆ ಉತ್ತರ ಕೊಟ್ಟರೆ ಮುಂದೆ ಬಯ್ಯುವುದು ಹೇಗೆ. ಗ್ರಿಪ್ಪು ಒರೆಸಿಕೊಟ್ಟೆ.

ನಾನು ಬುಧವಾರ ರಾತ್ರಿಯೇ ಗುರುವಾರಕ್ಕೆ ಕಾಯಲು ಶುರು ಮಾಡಿದ್ದೆ. ಡಬ್ಬಿಗೆ ಸ್ವಲ್ಪ ಹೆಚ್ಚು ಊಟ ಹಾಕಿಕೊಳ್ಳುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಕೇಳುವವರು ಯಾರೂ ಇರಲಿಲ್ಲ.

ಕಬ್ಬಿಣಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ. ಬಡಿದು ಮಾಡಿದ ಕೋಲಾದರೆ ಮೆತ್ತಗಿರುತ್ತದೆ, ಎಷ್ಟೋ ಸಲ ಬಗ್ಗುತ್ತದೆ. ಡಾಕ್ಟರದು ಅಚ್ಚಿಗೆ ಎರಕ ಹೊಯ್ದ ಗಟ್ಟಿ ಉಕ್ಕಿನದು. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಏನಾಗುತ್ತದೋ ಅದೇ ಅದರ ಕತ್ತಿಗೂ ಆಗುತ್ತದೆ. ಒಂದು ಗುರುವಾರ ಸಲಾಕೆ ಒತ್ತಿದಾಗ ಕತ್ತು ಸಣ್ಣಗೆ ಕಿರ್ ಎಂದಿತು. ಇನ್ನೊಂದು ಸಲ ಬಗ್ಗಿಸಿದರೆ ಮುರಿಯುತ್ತದೆ ಎಂದು ಅವರಿಗೆ ಹೇಳಿದೆ, ಹೇಳದೆ ಇರಲಿಲ್ಲ. ಹಾಗಾದರೆ ತೀರ ಸ್ವಲ್ಪವೇ ಬಗ್ಗಿಸಿ ಎಂದರು.

ಅಲ್ಲಿಂದ ಮುಂದೆ ನಾನು ಬಗ್ಗಿಸುವುದನ್ನೇ ಬಿಟ್ಟೆ. ಕೋಲು ಸಿಕ್ಕಿಸುವುದು, ತಿರುಪು ಬಿಗಿಯುವುದು, ಸಲಾಕೆಯ ಮೇಲೆ ಭಾರ ಬಿಟ್ಟ ಹಾಗೆ ಮುಖ ಗಂಟು ಹಾಕಿಕೊಳ್ಳುವುದು, ಬಿಚ್ಚಿ ಕೊಡುವುದು. ಕತ್ತು ಇದ್ದಲ್ಲೇ ಇರುತ್ತಿತ್ತು. ಅವರು ಚಾಪೆಯ ಮೇಲೆ ಹೊಡೆದು ನೋಡಿ, ಈಗ ಸರಿಹೋಯಿತು ಎನ್ನುತ್ತಿದ್ದರು. ಮುಂದಿನ ವಾರ ಮತ್ತೆ ಕೆಟ್ಟಿರುತ್ತಿತ್ತು.

ಅಂಥದೇ ಒಂದು ದಿನ ಬಕೆಟ್ಟಿನ ಮೇಲೆ ಕೂತು ಒಂದು ಕಥೆ ಹೇಳಿದರು. ಅವರ ಹತ್ತಿರ ಒಬ್ಬ ಮುದುಕಿ ಬರುತ್ತಿದ್ದರಂತೆ, ಕಟ್ಟಿಸಿಕೊಂಡ ಹಲ್ಲು ಒಸಡಿಗೆ ಒತ್ತುತ್ತದೆ ಎಂದು. ಎರಡು ಸಲ ಉಜ್ಜಿಕೊಟ್ಟ ಮೇಲೆ ಒತ್ತುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಆಕೆ ಬರುತ್ತಲೇ ಇದ್ದರು. ಇವರು ಹಲ್ಲನ್ನು ಕೈಯಲ್ಲಿ ಹಿಡಿದು, ಯಂತ್ರವನ್ನು ಅದರ ಪಕ್ಕದಲ್ಲಿ ಸುಮ್ಮನೆ ಓಡಿಸಿ ಕೊಡುತ್ತಿದ್ದರಂತೆ. ಆಕೆ ಹಾಕಿಕೊಂಡು, ಈಗ ಹಿತವಾಯಿತು ಎನ್ನುತ್ತಿದ್ದರಂತೆ. ಆಮೇಲೆ ಏನಾಯಿತು ಎಂದು ಕೇಳಿದೆ. ಏನೂ ಆಗಲಿಲ್ಲ, ಬರುತ್ತಿದ್ದರು ಎಂದರು. ಅಡ್ಡ ಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇತ್ತು ಆ ಮಾತು. ನನ್ನ ಕಳ್ಳಾಟ ಗೊತ್ತಾಗಿ ಹೇಳಿದರೋ, ಸುಮ್ಮನೆ ನೆನಪಾಗಿ ಹೇಳಿದರೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಇಷ್ಟರಲ್ಲೇ ಇದ್ದಿದ್ದರೆ ಇಬ್ಬರಿಗೂ ಕ್ಷೇಮವಾಗಿತ್ತು. ಆದರೆ ಒಂದು ವಾರ ಅವರು ಬಕೆಟ್ಟಿನ ಮೇಲೆ ಕೂರದೆ ನಿಂತೇ ಇದ್ದರು. ಅವರ ಹಳೆಯ ರೋಗಿ, ಒಬ್ಬ ವಕೀಲ, ತಮ್ಮ ಗುಂಪಿನಲ್ಲಿ ಒಂದು ಜಾಗ ಖಾಲಿಯಾಗಿದೆ, ಮುಂದಿನ ವಾರದಿಂದ ನಾಲ್ಕನೆಯವರಾಗಿ ಬನ್ನಿ ಎಂದು ಕರೆದಿದ್ದನಂತೆ. ಆ ಗುಂಪಿನವರು ಆಡುವುದೂ ಗುರುವಾರವೇ. ಹೋಗುವ ಆಸೆ ಡಾಕ್ಟರ ಮುಖದಲ್ಲೇ ಇತ್ತು, ಹೆದರಿಕೆಯೂ ಇತ್ತು. ಹೊಸಬರ ಎದುರಿಗೆ ಮರಳುಗುಂಡಿಗೆ ಬಿದ್ದರೆ ನಾನು ಅಗೆಯುತ್ತ ನಿಲ್ಲಬೇಕಾಗುತ್ತದೆ, ಅವರೆಲ್ಲ ಕಾಯಬೇಕಾಗುತ್ತದೆ ಎಂದರು. ಆಮೇಲೆ, ನೀವು ಮೊದಲ ದಿನ ಹೇಳಿದ್ದಿರಲ್ಲ, ಆ ಬೇರೆ ಕೋಲು, ಅದನ್ನು ಕೂಡಿಸಿಕೊಡುತ್ತೀರಾ ಎಂದು ಕೇಳಿದರು.

ಹೂಂ ಎಂದೆ. ಬೇರೇನು ಹೇಳಲಿ. ಕೆಟ್ಟದಾಗಿ ಕೂಡಿಸಿಕೊಟ್ಟರೆ ಅವರು ಹೊಸ ಗುಂಪಿನ ಎದುರು ಅಗೆಯುತ್ತ ನಿಲ್ಲುತ್ತಾರೆ, ಮುಂದಿನ ವಾರ ಇಲ್ಲಿಗೆ ಬರುತ್ತಾರೆ. ಚೆನ್ನಾಗಿ ಕೂಡಿಸಿಕೊಟ್ಟರೆ ಅವರಿಗೆ ಮೂವರು ಜೊತೆಗಾರರು ಸಿಗುತ್ತಾರೆ, ನನ್ನ ಗುರುವಾರ ಖಾಲಿಯಾಗುತ್ತದೆ. ಈ ಲೆಕ್ಕ ನನ್ನ ತಲೆಯಲ್ಲಿ ಬಂದುಹೋಯಿತು. ಕೈಗೆ ಬರಲಿಲ್ಲ. ಮೂವತ್ತು ವರ್ಷದ ಅಭ್ಯಾಸದ ಕೈ ಅದು, ಕೆಟ್ಟದಾಗಿ ಮಾಡು ಎಂದರೆ ಅದಕ್ಕೆ ಬರುವುದಿಲ್ಲ.

ಅವರನ್ನು ನೆಟ್ಟಗೆ ನಿಲ್ಲಿಸಿ ಮಣಿಕಟ್ಟಿನಿಂದ ನೆಲದವರೆಗೆ ಅಳೆದೆ. ಎತ್ತರದವರಾದ್ದರಿಂದ ಶಾಫ್ಟನ್ನು ಅರ್ಧ ಇಂಚು ಉದ್ದ ಬಿಟ್ಟು ಕತ್ತರಿಸಿದೆ, ಲೈ ಒಂದು ಡಿಗ್ರಿ ನೆಟ್ಟಗೆ ಮಾಡಿದೆ. ಹದಿನಾಲ್ಕು ಬೌನ್ಸಿನ ಅಗಲ ಅಡಿಯ ತಲೆ ತೆಗೆದುಕೊಂಡು, ಕುಳಿಯ ಸುತ್ತಲಿನ ನುಣುಪು ಹಸಿರಿನ ಅಂಚಿನಲ್ಲಿ ಸಣ್ಣ ಏಟು ಹೊಡೆಯುವಾಗ ಎಡವದಂತೆ ಅಡಿಯ ಹಿಮ್ಮಡಿಯ ಕಡೆ ಮಾತ್ರ ಸ್ವಲ್ಪ ಉಜ್ಜಿ ತೆಗೆದೆ. ಅವರ ಬೆರಳ ಗೆಣ್ಣುಗಳು ಊದಿದ್ದವು. ಗ್ರಿಪ್ಪಿನ ಕೆಳಗೆ ಎರಡು ಸುತ್ತು ಹೆಚ್ಚು ಟೇಪು ಹಾಕಿ ದಪ್ಪ ಮಾಡಿದೆ. ತಕ್ಕಡಿಯಲ್ಲಿ ತಲೆಯ ಭಾರ ಮತ್ತೆ ಮತ್ತೆ ನೋಡಿದೆ. ಅಂಟು ಒಣಗಿದ ಮೇಲೆ ಕೈಯಲ್ಲಿ ಹಿಡಿದು ನೋಡಿದಾಗ, ನಾನು ಕೂಡಿಸಿದವುಗಳಲ್ಲೆಲ್ಲ ಇದೇ ಒಳ್ಳೆಯದು ಅನಿಸಿತು. ಆ ದಿನ ಮಾವ ಇರಬೇಕಿತ್ತು. ಏನಾದರೂ ಕೊಂಕು ತೆಗೆಯುತ್ತಿದ್ದರು, ಆದರೆ ಎರಡು ಸಲ ಹಿಡಿದು ನೋಡುತ್ತಿದ್ದರು.

ಗುರುವಾರಕ್ಕೆ ಮೊದಲೇ ಡಾಕ್ಟರು ಬಂದು ತೆಗೆದುಕೊಂಡು ಹೋದರು. ಎರಡೂ ಕೈಯಲ್ಲಿ ಹಿಡಿದು, ಬಹಳ ಚೆನ್ನಾಗಿದೆ ಎಂದರು. ಇನ್ನು ಇದಕ್ಕೆ ರಿಪೇರಿ ಬೇಕಾಗುವುದಿಲ್ಲ ಎಂದು ನನ್ನ ಹಾಳು ಬಾಯಿ ಹೆಮ್ಮೆಯಿಂದ ಹೇಳಿತು. ಹೌದೇ ಎಂದರು. ಬಕೆಟ್ಟಿನ ಕಡೆ ಒಮ್ಮೆ ನೋಡಿ ಹೋದರು.

ಮುಂದಿನ ಗುರುವಾರ ಬರಲಿಲ್ಲ. ಯಾಕೆ ಬರುತ್ತಾರೆ. ಅದರ ಮುಂದಿನದಕ್ಕೂ ಬರಲಿಲ್ಲ. ಡಬ್ಬಿಯಲ್ಲಿ ಊಟ ಉಳಿಯಿತು. ಚೆಂಡು ಆರಿಸುವ ಗಾಡಿಯವನು ಕಿಟಕಿಯ ಹತ್ತಿರ ಗಾಡಿ ನಿಲ್ಲಿಸಿ, ನಿಮ್ಮ ಡಾಕ್ಟರು ಕಾಣುವುದಿಲ್ಲವಲ್ಲ ಎಂದ. ನಿನ್ನ ಕೆಲಸ ನೀನು ನೋಡು ಎಂದು ಅವನ ಬಾಯಿ ಮುಚ್ಚಿಸಿದೆ. ಅವನು ಹೋದ ಮೇಲೆ ಅಳು ಬಂತು. ಗಂಡ ಬಿಟ್ಟು ಹೋದಾಗಲೂ ನಾನು ಕೋಪದಲ್ಲೇ ದಿನ ಕಳೆದಿದ್ದೆ, ಅತ್ತಿರಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ಬಕೆಟ್ಟಿನ ಮೇಲೆ ಬಂದು ಕೂರಲಿಲ್ಲ ಎಂದು ಅಳುವುದೆಂದರೆ ನನಗೇ ನಾಚಿಕೆಯಾಯಿತು. ಮುಖ ತೊಳೆದುಕೊಂಡು ಗರಗಸಕ್ಕೆ ಎಣ್ಣೆ ಹಾಕಿದೆ.

ಮೂರನೆಯ ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಡಾಕ್ಟರು. ಕೈಯಲ್ಲಿ ಹೊಸ ಕೋಲು.

ಸರಿಯಾಗಿ ಬರುತ್ತಿಲ್ಲಮ್ಮ ಎಂದರು. ಮರಳಿನಲ್ಲಿ ಸ್ವಲ್ಪ ಹೂತುಹೋಗುತ್ತದೆಯಂತೆ. ಒಂದು ಡಿಗ್ರಿ ನೋಡಬಹುದೇನೋ ಎಂದರು. ನನಗೆ ಮೊದಲು ಬಂದದ್ದು ಸಿಟ್ಟು. ನಾನು ಕೂಡಿಸಿದ ಕೋಲು ಹೂತುಹೋಗುವುದೆಂದರೇನು. ಕಸಿದುಕೊಂಡು ಬೆಳಕಿಗೆ ತಿರುಗಿಸಿದೆ. ಮರಳಿಗೆ ಬಿದ್ದ ಕೋಲಿನ ಅಡಿ ಒಂದೇ ದಿನಕ್ಕೆ ಗೀರು ಬಿದ್ದು ಮಂಕಾಗುತ್ತದೆ, ಇದರ ಅಡಿ ನಾನು ಉಜ್ಜಿ ಹೊಳಪು ಕೊಟ್ಟ ಹಾಗೆಯೇ ಇತ್ತು. ಮುಖದ ಗೆರೆಗಳಲ್ಲಿ ಒಂದು ಹುಲ್ಲಿನ ಕಲೆಯೂ ಇಲ್ಲ. ಈ ಕೋಲು ಒಂದು ಚೆಂಡನ್ನೂ ಮುಟ್ಟಿರಲಿಲ್ಲ.

"ನೀವು ಹೋಗ್ಲೇ ಇಲ್ಲ ಅಲ್ವಾ?" ಎಂದೆ.

ಅವರು ಬಕೆಟ್ಟು ಹುಡುಕಿದರು. ಕೂತರು. ಹೋಗಿದ್ದರಂತೆ, ಎರಡು ವಾರವೂ. ಆಡುವ ಮೈದಾನದ ಮುಂದೆ ಗಾಡಿ ನಿಲ್ಲಿಸುವ ಜಾಗದವರೆಗೆ. ಮೂವರು ಆಗಲೇ ಬಂದು ನಿಂತು ಏನೋ ಹೇಳಿಕೊಂಡು ನಗುತ್ತಿದ್ದರಂತೆ. ಆ ನಗುವಿನೊಳಗೆ ಹೋಗಿ ನಿಲ್ಲುವುದು ಹೇಗೆ ಎಂದು ತಿಳಿಯದೆ, ಗಾಡಿಯಲ್ಲೇ ಕೂತಿದ್ದು, ಹೊಟ್ಟೆ ಸರಿಯಿಲ್ಲ ಎಂದು ವಕೀಲನಿಗೆ ಫೋನಿನಲ್ಲಿ ಹೇಳಿ ಮನೆಗೆ ಹೋದರಂತೆ. ಇಲ್ಲಿಗೆ ಬರೋಣವೆಂದರೆ ಕೋಲು ಕೆಟ್ಟಿರಲಿಲ್ಲ.

ಮಾತು ತೋಚದಿದ್ದಾಗ ಕೆಲಸ ಹಿಡಿಯುವುದು ನನ್ನ ಸ್ವಭಾವ. ಎದ್ದೇಳಿ, ಹೊಡೆದು ತೋರಿಸಿ ಎಂದು ಅವರನ್ನು ಹೊರಡಿಸಿದೆ. ಮೈದಾನದ ಮೂಲೆಯಲ್ಲಿ ಅಭ್ಯಾಸಕ್ಕೆಂದು ಮಾಡಿದ ಮರಳುಗುಂಡಿಯೊಂದಿದೆ. ಆ ಬಿಸಿಲಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಒಂದು ಚೆಂಡನ್ನು ಮರಳಿನ ಮೇಲೆ ಎಸೆದೆ. ಅವರು ಇಳಿದು, ಕಾಲು ಊರಿ, ಎಂದಿನ ಹಾಗೆ ಕೈ ಮೇಲಿನಿಂದ ನೇರವಾಗಿ ಇಳಿಸಿದರು. ಕೋಲು ಹೂತುಕೊಳ್ಳಲಿಲ್ಲ. ಚೆಂಡಿನ ಕೆಳಗೆ ಜಾರಿಕೊಂಡು ಹೋಯಿತು, ಒಂದು ಹಿಡಿ ಮರಳಿನ ಜೊತೆ ಚೆಂಡು ಮೆತ್ತಗೆ ಎದ್ದು ಹಸಿರಿನ ಮೇಲೆ ಕೂತಿತು. ಅಷ್ಟು ಒಳ್ಳೆಯ ಏಟನ್ನು ಅವರು ಆಯಸ್ಸಿನಲ್ಲಿ ಹೊಡೆದಿರಲಾರರು.

ನಾನು ಅವರ ಮುಖ ನೋಡಿದೆ. ಮುಖ ಬಾಡಿಹೋಗಿತ್ತು. ಕೋಲಿನಲ್ಲಿ ಯಾವ ದೋಷವೂ ಇಲ್ಲ ಎಂದು ಇಬ್ಬರ ಕಣ್ಣೆದುರೇ ಸಾಬೀತಾಗಿಹೋಗಿತ್ತು, ಇನ್ನು ಯಾವ ನೆಪವೂ ಉಳಿದಿರಲಿಲ್ಲ.

"ಚೆನ್ನಾಗಿ ಕೂಡ್ಸಿದೀರಮ್ಮ," ಎಂದರು. ಮರಳು ಸಮ ಮಾಡುವ ಹಲ್ಲುಪಟ್ಟಿ ತೆಗೆದುಕೊಂಡು ತಮ್ಮ ಹೆಜ್ಜೆಗಳನ್ನು ಒಂದೊಂದಾಗಿ ಅಳಿಸತೊಡಗಿದರು. ಆಟಗಾರರ ಶಿಸ್ತು ಅದು, ಬಂದುಹೋದ ಗುರುತು ಬಿಡಬಾರದು.

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಆ ಹಳೇ ಕೋಲು ನಾನು ಎಷ್ಟೋ ವಾರದಿಂದ ಬಗ್ಗಿಸ್ತಾನೇ ಇರ್ಲಿಲ್ಲ," ಎಂದೆ.

"ಗೊತ್ತು," ಎಂದರು, ತಲೆಯೆತ್ತದೆ.

"ನೀವು ಬರ್ದೇ ಇದ್ರೆ ನಂಗೆ ಆಗಲ್ಲ. ಇಡೀ ವಾರ ಯಾರ ಜೊತೇನೂ ಮಾತಿಲ್ಲ ನಂಗೆ."

ಹಲ್ಲುಪಟ್ಟಿ ನಿಂತಿತು. ಇನ್ನೊಂದು ಚೆಂಡು ಇದೆಯೇ ಎಂದು ಕೇಳಿದರು. ಇರಲಿಲ್ಲ. ಇಬ್ಬರೂ ಬಂದ ದಾರಿಯಲ್ಲೇ ವಾಪಸಾದೆವು, ಅವರು ಗಾಡಿಯ ಕಡೆಗೆ, ನಾನು ಕೋಣೆಯ ಕಡೆಗೆ. ಹೇಳಬಾರದ್ದು ಹೇಳಿದೆ, ಇನ್ನು ಅವರು ಈ ಕಡೆ ತಲೆಹಾಕುವುದಿಲ್ಲ ಎಂದು ಆ ವಾರವೆಲ್ಲ ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ಗುರುವಾರ ಮಧ್ಯಾಹ್ನ ಅವರು ಬಂದರು. ಕೈಯಲ್ಲಿ ಕೋಲು ಇರಲಿಲ್ಲ, ಚೀಲವೂ ಇರಲಿಲ್ಲ. ಬರಿಗೈಯನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಜೇಬಿಗೆ ಹಾಕಿದರು, ಒಮ್ಮೆ ಹಿಂದಕ್ಕೆ ಕಟ್ಟಿಕೊಂಡರು, ಬೇರೆ ಯಾರದೋ ಮನೆಗೆ ಬಂದವರ ಹಾಗೆ ಹೊಸ್ತಿಲಲ್ಲೇ ನಿಂತರು. ನನಗೂ ಬಿಚ್ಚುವುದಕ್ಕೆ, ಬಿಗಿಯುವುದಕ್ಕೆ ಏನೂ ಇರಲಿಲ್ಲ.

"ಏನು ತೊಂದ್ರೆ?" ಎಂದೆ, ರೂಢಿಯಿಂದ.

"ಏನೂ ಇಲ್ಲ," ಎಂದರು. ಒಳಗೆ ಬಂದರು.